ಚೆನ್ನಾಜಮ್ಮನ ಬಾಗಿಲ ಮೇಲಿನ ಚೀನೀ ಅಕ್ಷರ

ಯೂರೋಪಿನಲ್ಲಿ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಹಿಂದಿನ ಮಾತು. ಆಗ ನಾನು ಮೈಸೂರು ಸಂಸ್ಥಾನದ ರೇಷ್ಮೆ ಇನ್ಸ್‌ಪೆಕ್ಟರನಾಗಿ ನಂಜನಗೂಡಿನಲ್ಲಿದ್ದೆ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಹುಳು ಸಾಕುವ ಹಳ್ಳಿಗಳೆಲ್ಲ ನನ್ನ ಸರ್ಕಲ್ಲಿಗೆ ಸೇರಿದ್ದವು. ಇನ್ಸ್‌ಪೆಕ್ಟರ್ ಎಂದ ಕೂಡಲೇ ಜನ ಪೊಲೀಸನೆಂದು ತಿಳಿದು ಜಗಲಿ ಬಿಟ್ಟು ಒಳಗೆ ಹೋಗುತ್ತಿದ್ದ ಕಾಲ ಅದು. ನಾನು ಹುಳು ನೋಡಲು ಬಂದವನು ಎಂದು ತಿಳಿದ ಮೇಲೆ ಮಜ್ಜಿಗೆ ತಂದುಕೊಡುತ್ತಿದ್ದರು.

ರೇಷ್ಮೆಯ ಕೆಲಸ ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳಬೇಕು. ಹುಳು ಮೊಟ್ಟೆಯಿಂದ ಹೊರಬಂದ ಮೇಲೆ ಹಿಪ್ಪುನೇರಳೆ ಸೊಪ್ಪನ್ನಷ್ಟೇ ತಿಂದು ಬೆಳೆಯುತ್ತದೆ. ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಸುಮ್ಮನೆ ಕೂತು ಪೊರೆ ಕಳಚುತ್ತದೆ. ಇದಕ್ಕೆ ನಮ್ಮ ಕಡೆ ‘ಜ್ವರ’ ಎನ್ನುತ್ತಾರೆ, ಕಾಯಿಲೆಯ ಜ್ವರವಲ್ಲ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಹಗಲೂ ರಾತ್ರಿ ತಿಂದು ಹಣ್ಣಾಗಿ ಗೂಡು ಕಟ್ಟುತ್ತದೆ. ಅಷ್ಟು ದಿನವೂ ಅದು ಇರುವುದು ಮನೆಯವರ ಜೊತೆಗೇ, ನಡುಮನೆಯಲ್ಲಿ, ಬಿದಿರಿನ ತಟ್ಟೆಗಳ ಮೇಲೆ. ಮನೆಯ ಹೆಂಗಸರು ಅದನ್ನು ಕೂಸಿನಂತೆ ಕಾಯುತ್ತಾರೆ. ಹುಳುವಿಗೆ ಏನಾದರೂ ಆದರೆ ಇಡೀ ಮನೆಗೇ ಆದಂತೆ.

ಹೊಸ ರೀತಿಯ ಸಾಕಣೆ ಕಲಿಸಲು ಸರ್ಕಾರ ಒಬ್ಬ ಜಪಾನಿ ತಜ್ಞರನ್ನು ಕರೆಸಿಕೊಂಡು ಕೆಲವು ತಿಂಗಳು ನನ್ನ ಸರ್ಕಲ್ಲಿಗೆ ಕಳಿಸಿತು. ಅವರ ಹೆಸರು ಮೋರಿ. ದೊಡ್ಡ ಮನುಷ್ಯರನ್ನು ಹಾಗೆ ಕೂಗಲು ನಮ್ಮ ಜನಕ್ಕೆ ಸಂಕೋಚ. ಆದ್ದರಿಂದ ಎಲ್ಲರ ಬಾಯಲ್ಲೂ ಅವರು ‘ಜಪಾನ್ ಸಾಯೇಬ್ರು’ ಆದರು. ಕುಳ್ಳಗೆ, ಬಿಗಿಯಾಗಿ ಇದ್ದ ಆಳು. ಹಳ್ಳಿಯಲ್ಲಿ ಪಾದರಕ್ಷೆಯನ್ನು ಹೊಸ್ತಿಲಾಚೆ ಬಿಟ್ಟು, ಕೈ ತೊಳೆದುಕೊಂಡು, ಆಮೇಲೆ ಒಳಗೆ ಕಾಲಿಡುತ್ತಿದ್ದರು. ಇದೊಂದರಿಂದಲೇ ಹೆಂಗಸರಿಗೆ ಅವರ ಮೇಲೆ ನಂಬಿಕೆ ಬಂತು. ಅವರಿಗೆ ಬರುತ್ತಿದ್ದ ಇಂಗ್ಲಿಷ್ ಅತಿ ಕಡಿಮೆ. ಕನ್ನಡದಲ್ಲಿ ‘ಸೊಪ್ಪು’, ‘ಸಾಕು’, ‘ಚೆನ್ನಾಗಿದೆ’ ಎಂಬ ಮೂರು ಪದ ಕಲಿತಿದ್ದರು. ಮಾತು ಮುಗಿದಲ್ಲಿ ಕೈಯಿಂದ ಮಾಡಿ ತೋರಿಸುತ್ತಿದ್ದರು.

ಕಪಿಲೆಯ ದಂಡೆಯಲ್ಲಿ, ನರಸೀಪುರಕ್ಕೆ ಇನ್ನೂ ಸ್ವಲ್ಪ ದೂರ ಇರುವಂತೆ, ಒಂದು ಕೊಪ್ಪಲು ಇತ್ತು. ಅಲ್ಲಿ ಬಹುಪಾಲು ಮನೆಗಳಲ್ಲಿ ಹುಳು ಸಾಕುತ್ತಿದ್ದರು. ಎಲ್ಲರಿಗಿಂತ ಚೆನ್ನಾಗಿ ಸಾಕುತ್ತಿದ್ದವರು ಚೆನ್ನಾಜಮ್ಮ. ಗಂಡ ತೀರಿಕೊಂಡ ಮೇಲೆ ಹೊಲ, ಮನೆ, ಮಗ, ಸೊಸೆ ಎಲ್ಲವನ್ನೂ ನಿಭಾಯಿಸಿಕೊಂಡು ಬಂದ ಗಟ್ಟಿ ಹೆಂಗಸು. ಮೋರಿಯವರು ತೋರಿಸಿದ ಹೊಸ ರೀತಿಗೆ ಊರಲ್ಲಿ ಮೊದಲು ಒಪ್ಪಿದವರೂ ಅವರೇ. ಅವರು ಒಪ್ಪಿದರೆಂದು ಬೇರೆ ಮನೆಗಳವರೂ ಒಪ್ಪಿದರು.

ಆ ಸಲ ಹುಳು ನಾಲ್ಕನೆಯ ಜ್ವರದಿಂದ ಎದ್ದಿತ್ತು. ಒಂದು ವಾರದಿಂದ ಮೋಡ ಕವಿದು ಜಡಿ ಹಿಡಿದಿತ್ತು. ನಾನೂ ಮೋರಿಯವರೂ ಕೊಪ್ಪಲಿಗೆ ಹೋದಾಗ ಚೆನ್ನಾಜಮ್ಮ ಬಾಗಿಲಲ್ಲೇ ನಿಂತಿದ್ದರು.

“ಯಾಕೋ ಸರ್ಯಾಗಿಲ್ಲ ಕಣ್ಸಾ. ಸೊಪ್ಪು ಮುಟ್ತಾ ಇಲ್ಲ. ನೀವೇ ಬಂದು ನೋಡಿ,” ಎಂದರು.

ಕೆಳಗಿನ ತಟ್ಟೆಯ ಒಂದು ಮೂಲೆಯಲ್ಲಿ ಕೆಲವು ಹುಳು ಸತ್ತು ಬಿದ್ದಿದ್ದವು. ಕೊಳೆತಿರಲಿಲ್ಲ, ನೀರು ಬಿಟ್ಟಿರಲಿಲ್ಲ. ಬಳಪದ ಕಡ್ಡಿಯಂತೆ ಗಟ್ಟಿಯಾಗಿ, ಮೇಲೆಲ್ಲ ಬಿಳಿ ಪುಡಿ ಹತ್ತಿಕೊಂಡಿದ್ದವು. ನಮ್ಮವರು ಇದಕ್ಕೆ ಸುಣ್ಣಕಟ್ಟು ಎನ್ನುತ್ತಾರೆ. ಒಂದು ಬಗೆಯ ಬೂಷ್ಟು ಹುಳುವಿನ ಮೈಯೊಳಗೆ ಬೆಳೆದು ಅದನ್ನು ಕೊಲ್ಲುತ್ತದೆ. ಸತ್ತ ಹುಳುವಿನ ಮೇಲೆ ಬರುವ ಬಿಳಿ ಪುಡಿಯೇ ಅದರ ಬೀಜ. ಗಾಳಿಯಲ್ಲಿ, ಕೈಯಲ್ಲಿ, ಸೆರಗಿನಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ. ಥಂಡಿ ಇದ್ದರೆ ಕೇಳುವುದೇ ಬೇಡ.

ಮೋರಿಯವರು ಕೈಕಾಲು ತೊಳೆದು, ಒಳಗೆ ಕಾಲಿಡದೆ ಹೊಸ್ತಿಲಾಚೆಯಿಂದಲೇ ಊರೆಲ್ಲ ಸುತ್ತಿ ನೋಡಿದರು. ಇನ್ನೆರಡು ಮನೆಗಳಲ್ಲೂ ಅದೇ ಚಿಹ್ನೆ ಇತ್ತು, ಉಳಿದ ಮನೆಗಳು ಚೊಕ್ಕಟವಾಗಿದ್ದವು. ಕಾಯಿಲೆ ಬಂದ ಮನೆಗೆ ಹೊಕ್ಕವರು ಒಳ್ಳೆಯ ಮನೆಗೆ ಹೋಗಬಾರದು, ಇಲಾಖೆಯವರೂ ಹೋಗಬಾರದು. ಅದರ ಗುರುತಿಗಾಗಿ ಅವರು ತಮ್ಮ ಚೀಲದಿಂದ ಕುಂಚ ಮತ್ತು ಮಸಿ ತೆಗೆದು, ಆ ಮೂರು ಮನೆಗಳ ಬಾಗಿಲ ಮೇಲೂ ತಮ್ಮ ದೇಶದ ಲಿಪಿಯಲ್ಲಿ ಅಂಗೈಯಗಲದ ಒಂದೇ ಒಂದು ಅಕ್ಷರ ಬರೆದರು: 殭. ಅವರ ದೇಶದ ಸಾಕಣೆ ಮನೆಗಳಲ್ಲಿ ಹಾಗೆ ಬರೆಯುವುದು ವಾಡಿಕೆಯಂತೆ. ಅದರ ಅರ್ಥವೇನೆಂದು ನಾನೂ ಕೇಳಲಿಲ್ಲ, ಊರವರಿಗೂ ಹೇಳಲಿಲ್ಲ. ಮಾರನೆಯ ದಿನ ಬೂಷ್ಟು ಕೊಲ್ಲುವ ಹೊಗೆಗೆ ಗಂಧಕ ತರುತ್ತೇವೆಂದು ಹೇಳಿ ನಾವು ನಂಜನಗೂಡಿಗೆ ಮರಳಿದೆವು.

ನಂಜನಗೂಡಿನಲ್ಲಿ ಗಂಧಕ ಸಾಕಷ್ಟು ಸಿಕ್ಕಲಿಲ್ಲ. ಮೈಸೂರಿನಿಂದ ರೈಲಿನಲ್ಲಿ ತರಿಸಿಕೊಳ್ಳುವ ಹೊತ್ತಿಗೆ ಒಂದು ದಿನ ಹೆಚ್ಚೇ ಆಯಿತು. ಮೂಟೆಗಳನ್ನು ಗಾಡಿಗೆ ಹೇರಿಸುತ್ತಿದ್ದಾಗ ಕೊಪ್ಪಲಿನ ಪಟೇಲ ಮಾದೇಗೌಡರು ಬಂದಿಳಿದರು. ಮೆತ್ತಗೆ ಮಾತಾಡುವ ಮನುಷ್ಯ. ಅವತ್ತು ಅವರ ಮುಖ ಬೇರೆಯೇ ಆಗಿತ್ತು.

“ಸಾ, ನೀವು ನಮ್ಮೂರ ಬಾಗ್ಲ ಮೇಲೆ ಎಣ ಅಂತ ಬರ್ಸಿದ್ದೀರಂತೆ. ನಿಜವಾ?” ಎಂದು ಕೇಳಿದರು.

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಕೂತು ನೀರು ಕುಡಿದ ಮೇಲೆ ನಡೆದದ್ದನ್ನು ಹೇಳಿದರು.

ಆ ದಿನಗಳಲ್ಲಿ ಚೀನಾ ದೇಶದ ವ್ಯಾಪಾರಿಗಳು ರೇಷ್ಮೆ ಬಟ್ಟೆಯ ಗಂಟು ಹೊತ್ತು ನಮ್ಮ ಕಡೆಗೂ ಬರುತ್ತಿದ್ದರು. ವಾಂಗ್ ಎಂಬುವನೊಬ್ಬ ಬಹಳ ವರ್ಷಗಳಿಂದ ಬರುತ್ತಿದ್ದ. ಬಜಾರಿನ ಹಿಂದೂಸ್ತಾನಿ ಮಾತಾಡುತ್ತಿದ್ದ. ಹಳ್ಳಿಯವರು ಅವನನ್ನು ‘ಚೀನಪ್ಪ’ ಎಂದು ಕರೆದು ಜಗಲಿಯ ಮೇಲೆ ಕೂರಿಸಿ ಬಟ್ಟೆ ಬಿಚ್ಚಿಸಿ ನೋಡುತ್ತಿದ್ದರು. ನಾವು ಬಂದುಹೋದ ಮಾರನೆಯ ದಿನ ಅವನು ಕೊಪ್ಪಲಿಗೆ ಹೋಗಿದ್ದಾನೆ. ಎಂದಿನಂತೆ ಚೆನ್ನಾಜಮ್ಮನ ಜಗಲಿಗೆ ಗಂಟು ಇಳಿಸಲು ಹೋದವನು ಬಾಗಿಲ ಕಡೆ ನೋಡಿ, ಗಂಟನ್ನು ಮತ್ತೆ ಹೆಗಲಿಗೇರಿಸಿ ಹಿಂದಕ್ಕೆ ಸರಿದಿದ್ದಾನೆ. ಈ ಮನೆಯಲ್ಲಿ ಸತ್ತವರು ಯಾರು ಎಂದು ಕೇಳಿದ್ದಾನೆ. ಯಾರೂ ಇಲ್ಲ ಎಂದಾಗ, ಬಾಗಿಲ ಮೇಲೆ ಬರೆದದ್ದು ಮತ್ತೇನು ಎಂದಿದ್ದಾನೆ. ಅದರ ಅರ್ಥವೇನೆಂದು ಜನ ಬಿಡದೆ ಕೇಳಿದಾಗ, ಒಂದು ಪದದಲ್ಲಿ ಹೇಳಿದ್ದಾನೆ: ಮುರ್ದಾ. ಅದೂ ಸಾಧಾರಣ ಹೆಣವಲ್ಲ, ಕೊಳೆಯದೆ ಸೆಟೆದು ನಿಂತ ಹೆಣ. ಅವರ ದೇಶದ ಕಥೆಗಳಲ್ಲಿ ಅಂಥದ್ದು ಎದ್ದು ಓಡಾಡುತ್ತದಂತೆ.

ಅಷ್ಟೇ ಸಾಕಾಯಿತು. ಮಧ್ಯಾಹ್ನದೊಳಗೆ ಆ ಮೂರು ಮನೆಗಳಿಗೆ ಕೆಂಡ ಕೊಡುವವರಿಲ್ಲ, ಬಾವಿಯಲ್ಲಿ ಅವರ ಬಿಂದಿಗೆಗೆ ಜಾಗವಿಲ್ಲ. ಚೆನ್ನಾಜಮ್ಮನ ಸೊಸೆ ತುಂಬಿದ ಬಸುರಿ. ಸುದ್ದಿ ಕೇಳಿ ತವರೂರಾದ ಹೆಡತಲೆಯಿಂದ ಅವಳ ಅಣ್ಣ ಗಾಡಿ ಕಟ್ಟಿಕೊಂಡು ಬಂದು, ಅತ್ತೆಯ ಮುಖ ಕೂಡ ನೋಡದೆ, ಅವಳ ಗಂಡನ ಮಾತಿಗೂ ನಿಲ್ಲದೆ ತಂಗಿಯನ್ನು ಕರೆದೊಯ್ದಿದ್ದಾನೆ.

“ಈಗ ಊರೋರೆಲ್ಲ ಸೇರ್ಕೊಂಡು, ಇದ್ದಬದ್ದ ಉಳನೆಲ್ಲ ತಟ್ಟೆ ಸಮೇತ ಒಳೆಗೆ ಸುರೀಬೇಕು ಅಂತವ್ರೆ. ಗಿಡನೂ ಕಿತ್ತಾಕ್ತಾರಂತೆ. ಇವತ್ತೊಂದಿನ ತಡೀರಿ ಅಂತ ಕೈ ಮುಗ್ದು ಬಂದಿವ್ನಿ,” ಎಂದರು ಮಾದೇಗೌಡರು.

ಒಳ್ಳೆಯ ಮನೆಗಳ ಹುಳು ಇನ್ನೇನು ಹಣ್ಣಾಗುವುದರಲ್ಲಿತ್ತು. ಅದನ್ನು ಹೊಳೆಗೆ ಸುರಿದರೆ ಆ ಊರಿನ ಬೆಳೆ ಹೋದಂತೆ. ಹಿಪ್ಪುನೇರಳೆ ಗಿಡ ಕಿತ್ತರೆ ಕಸುಬೇ ಹೋದಂತೆ. ಅಕ್ಕಪಕ್ಕದ ಊರುಗಳೂ ಅದೇ ದಾರಿ ಹಿಡಿಯುತ್ತವೆ. ಅದಕ್ಕಿಂತ ಹೆಚ್ಚಾಗಿ ಆ ಹೆಂಗಸು ನನ್ನ ಕಣ್ಣ ಮುಂದೆ ಬಂದರು. ನಮ್ಮನ್ನು ನಂಬಿ ಮೊದಲು ಬಾಗಿಲು ತೆರೆದವರು ಅವರು.

ಮೋರಿಯವರಿಗೆ ನನ್ನ ಇಂಗ್ಲಿಷಿನಲ್ಲಿ ವಿಷಯ ತಿಳಿಸಲು ಬಹಳ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ತಲೆ ಅಡ್ಡಡ್ಡ ಆಡಿಸಿ, “ಮನುಷ್ಯ ಅಲ್ಲ. ಹುಳು, ಹುಳು,” ಎಂದು ಇಂಗ್ಲಿಷಿನಲ್ಲಿ ಪದೇ ಪದೇ ಹೇಳಿದರು. ನಾನು ಹೇಳಿದರೆ ಊರವರು ನಂಬುವುದಿಲ್ಲ, ಬರೆಸಿದವನೇ ನಾನು. ಮೋರಿಯವರಿಗೆ ಮಾತೇ ಇಲ್ಲ. ಆ ಅಕ್ಷರ ಓದಬಲ್ಲ ಇನ್ನೊಬ್ಬ ಮನುಷ್ಯನೆಂದರೆ ವಾಂಗ್ ಒಬ್ಬನೇ. ವಿಚಾರಿಸಿದಾಗ ಅವನು ನಂಜನಗೂಡಿನಲ್ಲೇ ಒಂದು ಛತ್ರದಲ್ಲಿ ಇಳಿದಿದ್ದಾನೆಂದು ತಿಳಿಯಿತು.

ನಾನು ಹೋದಾಗ ಅವನು ಗಂಟು ಕಟ್ಟುತ್ತಿದ್ದ. ಪಟೇಲರನ್ನು ನನ್ನ ಹಿಂದೆ ಕಂಡು ಹೆದರಿದ. ತಾನು ಸುಳ್ಳು ಹೇಳಲಿಲ್ಲ, ಬರೆದದ್ದನ್ನು ಓದಿದೆ ಅಷ್ಟೆ ಎಂದು ಹಿಂದೂಸ್ತಾನಿಯಲ್ಲಿ ಹೇಳಿದ. “ನೀನು ಸುಳ್ಳು ಹೇಳಿದೆ ಎಂದು ಯಾರೂ ಅನ್ನುತ್ತಿಲ್ಲ. ಬರೆದವರು ಇಲ್ಲೇ ಇದ್ದಾರೆ. ಊರವರ ಎದುರಿಗೆ ಅವರನ್ನೇ ಕೇಳು,” ಎಂದೆ. ಅವನು ಗಂಟಿನ ಹಗ್ಗ ಬಿಗಿದ. ಆ ಹೆಂಗಸು ತನಗೆ ಎಷ್ಟೋ ಸಲ ಊಟ ಹಾಕಿದ್ದಾಳೆ ಎಂದು ತನ್ನಷ್ಟಕ್ಕೆ ಎಂಬಂತೆ ಹೇಳಿ, ಗಂಟನ್ನು ಛತ್ರದವನಿಗೆ ಒಪ್ಪಿಸಿ ಗಾಡಿ ಹತ್ತಿದ.

ದಾರಿಯುದ್ದಕ್ಕೂ ಅವನೂ ಮೋರಿಯವರೂ ಗಂಧಕದ ಮೂಟೆಯ ಎರಡು ಬದಿಗೆ ಮುಖ ತಿರುಗಿಸಿ ಕೂತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಇವರನ್ನು ಕೂಡಿಸಿಕೊಂಡು ಹೋಗಿ ನಾನು ಏನು ಮಾಡಿಸಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಕೊಪ್ಪಲು ತಲುಪಿದಾಗ ಬಿಸಿಲು ಸ್ವಲ್ಪ ಬಿಟ್ಟಿತ್ತು. ಕೆಲವು ಮನೆಗಳವರು ಆಗಲೇ ತಟ್ಟೆಗಳನ್ನು ಹೊರಗಿಟ್ಟಿದ್ದರು. ನಮ್ಮ ಗಾಡಿ ನಿಂತದ್ದು ಚೆನ್ನಾಜಮ್ಮನ ಮನೆ ಮುಂದೆ. ಜನ ಸೇರಿದರು, ಆದರೆ ಜಗಲಿಯ ಹತ್ತಿರ ಯಾರೂ ಬರಲಿಲ್ಲ. ಚೆನ್ನಾಜಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಮೋರಿಯವರನ್ನು ಕಂಡರೂ ಏಳಲಿಲ್ಲ.

“ನನ್ ಮನ್ಲಿ ಎಣ ಎಲ್ಲದೆ, ತೋರ್ಸಿ ಸಾ,” ಎಂದರು ನನಗೆ. “ಉಳ ಸತ್ತದ್ದಕ್ಕೆ ಅಳ್ನಿಲ್ಲ ನಾನು. ಎತ್ತ ಮಗಳಂಗೆ ಸಾಕಿದ್ ಸೊಸೆ, ನನ್ ಕೈಗೆ ನೀರೂ ಕೊಡ್ದೆ ಓದ್ಲು.”

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಮೋರಿಯವರಿಗೆ ಹೇಳಿದೆ. ಅವರು ಚೆನ್ನಾಜಮ್ಮನ ಮುಂದೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ತಲೆ ಎತ್ತಲು ತಡಮಾಡಿದರು. ಅಂಥ ಅಧಿಕಾರಿ ಹಾಗೆ ಬಗ್ಗಿದ್ದನ್ನು ಆ ಊರು ನೋಡಿರಲಿಲ್ಲ.

ಆಮೇಲೆ ಅವರು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಕಡ್ಡಿಯಿಂದ ಹಸಿಮಣ್ಣಿನ ಮೇಲೆ ಬಾಗಿಲ ಮೇಲಿದ್ದ ಅಕ್ಷರವನ್ನೇ ಬರೆದರು. ವಾಂಗ್ ದೂರದಿಂದಲೇ ನೋಡಿ ತಲೆಯಾಡಿಸಿದ: ಅದೇ, ಹೆಣ. ಮೋರಿಯವರು ಬೆರಳೆತ್ತಿ ಸ್ವಲ್ಪ ತಾಳು ಎಂದು ಸನ್ನೆ ಮಾಡಿದರು. ಅದರ ಕೆಳಗೆ ಇನ್ನೊಂದು ಅಕ್ಷರ ಬರೆಯತೊಡಗಿದರು. ಗೆರೆಯ ಮೇಲೆ ಗೆರೆ, ಮುಗಿಯುವುದೇ ಇಲ್ಲವೇನೋ ಎಂಬಂಥ ಅಕ್ಷರ. ಪೂರ್ತಿಯಾದಾಗ ಎರಡೂ ಸೇರಿ ಹೀಗಿತ್ತು: 殭蠶.

ವಾಂಗ್ ಒಂದು ಹೆಜ್ಜೆ ಮುಂದೆ ಬಂದ. ಇನ್ನೊಂದು ಹೆಜ್ಜೆ. ಆಮೇಲೆ ಅವನೂ ಎದುರಿಗೆ ಕುಕ್ಕರಿಸಿದ. ಅವನ ಮುಖವೆಲ್ಲ ಸಡಿಲಾಯಿತು. ಮೊಣಕಾಲು ತಟ್ಟಿಕೊಂಡು, ನನ್ನ ಕಡೆ ತಿರುಗಿ ಹಿಂದೂಸ್ತಾನಿಯಲ್ಲಿ ಬಡಬಡ ಹೇಳತೊಡಗಿದ. ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿ ಊರವರಿಗೆ ಕೇಳುವಂತೆ ಹೇಳಿದೆ.

ಎರಡನೆಯ ಅಕ್ಷರಕ್ಕೆ ರೇಷ್ಮೆ ಹುಳು ಎಂದು ಅರ್ಥ. ಮೊದಲನೆಯದು, ಸತ್ತೂ ಕೊಳೆಯದೆ ಸೆಟೆದದ್ದು ಎನ್ನುತ್ತದೆ. ಏನು ಸೆಟೆದದ್ದು ಎಂದು ಅದೊಂದೇ ಹೇಳುವುದಿಲ್ಲ. ಪಕ್ಕದಲ್ಲಿ ಮನುಷ್ಯನ ದೇಹ ಎಂಬ ಅಕ್ಷರ ಬಂದರೆ ಕಥೆಯ ಹೆಣ. ಹುಳು ಎಂಬುದು ಬಂದರೆ ಇಗೋ, ಈ ತಟ್ಟೆಯಲ್ಲಿರುವ ಬಿಳಿ ಹುಳು. ಒಂಟಿ ಅಕ್ಷರವನ್ನು ಬಾಗಿಲ ಮೇಲೆ ಕಂಡು ತಾನು ಕೇಳಿದ್ದ ಕಥೆಯನ್ನೇ ನೆನೆದೆ ಎಂದ. ಅಷ್ಟಕ್ಕೆ ನಿಲ್ಲಿಸಲಿಲ್ಲ. ತಮ್ಮ ಊರಿನ ಔಷಧಿ ಅಂಗಡಿಯಲ್ಲಿ ಇದೇ ಹುಳುವನ್ನು ಒಣಗಿಸಿ ಮಾರುತ್ತಾರೆ, ಮಕ್ಕಳಿಗೆ ಫಿಟ್ಸ್ ಬಂದರೆ ಅರೆದು ಕುಡಿಸುತ್ತಾರೆ, ತನಗೂ ಅಜ್ಜಿ ಕುಡಿಸಿದ್ದಳು ಎಂದ.

ಚೆನ್ನಾಜಮ್ಮ ಮೊದಲ ಸಲ ತಲೆ ಎತ್ತಿದರು. “ಅಂಗಾರೆ ನಿಮ್ಮೂರಲ್ಲಿ ಇದು ಔಸ್ದಿ?”

“ಔಷಧಿ,” ಎಂದೆ ನಾನು ಅವನ ಪರವಾಗಿ. ಆ ಔಷಧಿಯ ಗುಣದ ಬಗ್ಗೆ ನಾನು ಆಗಲೂ ಏನೂ ಹೇಳಲಾರೆ, ಈಗಲೂ ಹೇಳಲಾರೆ.

ಗುಂಪಿನಲ್ಲಿದ್ದ ಒಬ್ಬ, “ಒಂದೇ ಅಕ್ಷರ ಎಣನೂ ಆಯ್ತದೆ, ಔಸ್ದಿನೂ ಆಯ್ತದೆ ಅಂದ್ರೆ ಎಂಗ್ಲಾ ನಂಬೋದು?” ಎಂದ. ಇದನ್ನು ತಿಳಿಸಿದಾಗ ವಾಂಗ್ ಕಡ್ಡಿ ತೆಗೆದುಕೊಂಡು ಮೊದಲ ಅಕ್ಷರದ ಬಲಭಾಗವನ್ನಷ್ಟೇ ಬೇರೆಯಾಗಿ ಬರೆದ. ಒಂದರ ಕೆಳಗೊಂದು ಎರಡು ಗದ್ದೆ, ಮೇಲೆ, ನಡುವೆ, ಕೆಳಗೆ ಬದು ಹಾಕಿದಂತೆ ಕಾಣುತ್ತಿತ್ತು. ಅದರ ನೆತ್ತಿಯ ಮೇಲೆ ಹುಲ್ಲಿನ ಚಿಹ್ನೆ ಇಟ್ಟು, “ಅದ್ರಕ್,” ಎಂದ. ಶುಂಠಿ! ಸಾವಿನ ಚಿಹ್ನೆ ಎಡಗಡೆ ಬಂದರೆ ಸೆಟೆದದ್ದು. ಹುಲ್ಲು ತಲೆಯ ಮೇಲೆ ಬಂದರೆ ಶುಂಠಿ. ಮೋರಿಯವರು ಅದನ್ನು ನೋಡಿ ಹೌದು ಹೌದು ಎಂದು ನಕ್ಕರು. ಹೆಂಗಸರ ನಡುವೆ ಯಾರೋ ಕಿಸಕ್ಕೆಂದರು. ಆ ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು. ಮಾತಿನಿಂದ ನಾನು ಮಾಡಲಾರದ ಕೆಲಸವನ್ನು ಶುಂಠಿ ಮಾಡಿತು.

ಅಲ್ಲಿಂದ ಮುಂದೆ ಅವರಿಬ್ಬರೂ ನಮ್ಮನ್ನು ಮರೆತರು. ಒಬ್ಬರು ಬರೆಯುವುದು, ಇನ್ನೊಬ್ಬರು ಓದಿ ಕೆಳಗೆ ಉತ್ತರ ಬರೆಯುವುದು. ಬಾಯಿ ತೆರೆದು ಓದಿದರೆ ಒಬ್ಬರದು ‘ಕ್ಯೋ’, ಇನ್ನೊಬ್ಬರದು ‘ಜ್ಯಾಂಗ್’. ಬರೆದರೆ ಒಂದೇ. ಅಂಗಳ ತುಂಬಿದಾಗ ಕಾಲಿನಿಂದ ಅಳಿಸಿ ಮತ್ತೆ ಬರೆದರು. ನಡುವೆ ಒಂದು ಜಗಳವೂ ಆಯಿತು. ಸತ್ತ ಹುಳುಗಳನ್ನು ಔಷಧಿಗೆಂದು ತನಗೆ ಕೊಡಬೇಕೆಂದು ವಾಂಗ್ ಕೇಳಿದನಂತೆ. ಮೋರಿಯವರು ಆಗದು ಎಂದು ಒಂದೇ ಅಕ್ಷರ ಬರೆದು ಅದರ ಕೆಳಗೆ ಗೆರೆ ಎಳೆದರು. ಅವನು ಮನೆಮನೆ ತಿರುಗುವವನು. ಆ ಪುಡಿ ಅವನ ಗಂಟಿನ ಜೊತೆ ಎರಡು ತಾಲ್ಲೂಕು ಸುತ್ತುತ್ತದೆ. ವಾಂಗ್ ಒಪ್ಪಿ ಕಡ್ಡಿ ಕೆಳಗಿಟ್ಟ.

ಮೋರಿಯವರು ಒದ್ದೆ ಬಟ್ಟೆ ತೆಗೆದುಕೊಂಡು ಬಾಗಿಲ ಮೇಲಿನ ಮಸಿಯನ್ನು ತಾವೇ ಒರೆಸಿದರು. ಒರೆಸಿ, ಹಾಗಾದರೆ ಗುರುತಿಗೆ ಏನು ಮಾಡುವುದು ಎಂಬಂತೆ ನನ್ನ ಮುಖ ನೋಡಿದರು. ನಾನು ಚೆನ್ನಾಜಮ್ಮನನ್ನು ಕೇಳಿದೆ.

“ಅಮ್ಮ ಬಂದ್ ಮನೆಗೆ ಬೇವಿನ ಸೊಪ್ಪು ಕಟ್ತೀವಿ. ಇದ್ಕೂ ಅದ್ನೇ ಕಟ್ಟುದ್ರೆ ಮನುಷ್ರಿಗೇ ಬಂದದೆ ಅಂದ್ಕತಾರೆ,” ಎಂದರು ಅವರು. “ಉಳದ ಕಾಯ್ಲೆ ಅಲ್ವಾ, ಉಳ ತಿನ್ನೋ ಸೊಪ್ಪೇ ಕಟ್ಟಿ. ತಲೆಕೆಳಗು ಮಾಡಿ ಕಟ್ಟಿ. ನೋಡ್ದೋರಿಗೆ ಗೊತ್ತಾಯ್ತದೆ.”

ಹಾಗೇ ಮಾಡಿದೆವು. ಮೂರು ಬಾಗಿಲುಗಳಿಗೆ ಹಿಪ್ಪುನೇರಳೆ ಕಡ್ಡಿ ತಲೆಕೆಳಗಾಗಿ ಜೋತುಬಿತ್ತು. ಪಟೇಲರು ಮುಂದೆ ನಿಂತು ಹೊರಗಿಟ್ಟಿದ್ದ ತಟ್ಟೆಗಳನ್ನು ಒಳಗೆ ತೆಗೆಸಿದರು. ಕೊಪ್ಪಲಿನಲ್ಲೇ ಬಿಡಾರ ಮಾಡಿ ನಾವು ಕೆಲಸಕ್ಕೆ ಇಳಿದೆವು. ಸೆಟೆದ ಹುಳುವನ್ನು ಬೆಳ್ಳಗಾಗುವ ಮೊದಲೇ ಆಯ್ದು ಸುಡುವುದು, ತಟ್ಟೆಗಳನ್ನು ದೂರ ದೂರ ಇಡುವುದು, ಹುಳುವಿನ ಹಾಸಿಗೆಗೆ ಒಣ ಸುಣ್ಣದ ಪುಡಿ ಉದುರಿಸುವುದು, ಒದ್ದೆ ಸೊಪ್ಪು ಹಾಕದಿರುವುದು, ಖಾಲಿಯಾದ ಮನೆಗೆ ಗಂಧಕದ ಹೊಗೆ ಕೊಡುವುದು. ವಾಂಗ್ ಎರಡು ದಿನ ನಮ್ಮ ಜೊತೆಗೇ ಉಳಿದ. ಮೋರಿಯವರು ಬರೆದದ್ದನ್ನು ಹಿಂದೂಸ್ತಾನಿಗೆ ತಿರುಗಿಸಿ ನನಗೆ ಹೇಳುತ್ತಿದ್ದ. ಅಷ್ಟು ದಿನ ಅವರ ಇಂಗ್ಲಿಷಿನಲ್ಲಿ ತಡಕಾಡುತ್ತಿದ್ದ ನನಗೆ, ಅವರಿಗೆ ಎಷ್ಟು ವಿಷಯ ಗೊತ್ತಿದೆ ಎಂದು ತಿಳಿದದ್ದು ಆಗಲೇ.

ಚೆನ್ನಾಜಮ್ಮನ ಬೆಳೆ ಉಳಿಯಲಿಲ್ಲ. ಕೊನೆಯ ತಟ್ಟೆಯನ್ನು ಅವರೇ ಬೆಂಕಿಗೆ ಸುರಿದರು. ನಾನು ನೋಡಲಾರದೆ ಬೇರೆ ಕಡೆ ತಿರುಗಿದೆ. ಇನ್ನೊಂದು ಮನೆಯಲ್ಲೂ ಹೋಯಿತು. ಮೂರನೆಯದರಲ್ಲಿ ಸುಮಾರು ಅರ್ಧ ದಕ್ಕಿತು. ಚೊಕ್ಕಟವಾಗಿದ್ದ ಮನೆಗಳಲ್ಲಿ ಒಂದಕ್ಕೂ ಕಾಯಿಲೆ ಹತ್ತಲಿಲ್ಲ. ಹುಳು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ಚಾಪೆಗಳ ತುಂಬ ಹಳದಿ ಗೂಡು ಕಟ್ಟಿತು. ಊರವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡು, ಮುಂದಿನ ಬೆಳೆಗೆ ಬೇಕಾದ ಮೊಟ್ಟೆಯನ್ನು ಚೆನ್ನಾಜಮ್ಮನಿಗೆ ಎಲ್ಲರಿಗಿಂತ ಮೊದಲು ಕೊಡಬೇಕೆಂದು ತೀರ್ಮಾನಿಸಿದರು. ಪಟೇಲರು ಅದನ್ನು ಹೇಳಲು ಹೋದಾಗ ಅವರು, “ಮೊಟ್ಟೆ ಇರ್ಲಿ. ಮೊದ್ಲು ಎಡತಲೆಗೆ ಯಾರಾದ್ರೂ ಓಗಿ,” ಎಂದರಂತೆ.

ಹೆಡತಲೆಗೆ ನಾನೇ ಹೋದೆ. ನಂಜನಗೂಡಿಗೆ ಮರಳಿದ್ದ ವಾಂಗ್‌ನನ್ನೂ ಕರೆದುಕೊಂಡು ಹೋದೆ. ಸೊಸೆಯ ಅಣ್ಣನಿಗೆ ಅವನು ತನ್ನ ಹರಕು ಹಿಂದೂಸ್ತಾನಿಯಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳಿದ, ಶುಂಠಿಯ ಸಮೇತ. ನಾನು ಕನ್ನಡಕ್ಕೆ ತಿರುಗಿಸುತ್ತ ಹೋದೆ. ಹುಡುಗಿ ಬಾಗಿಲ ಸಂದಿನಿಂದ ಕೇಳುತ್ತಿದ್ದಳು. “ನಮ್ಮತ್ತೆ ಉಂಡವ್ರಾ?” ಎಂದು ಕೇಳಿದಳು. ಇಲ್ಲ ಎಂದೆ, ನಿಜವೂ ಅದೇ ಆಗಿತ್ತು. ಅವಳು ಅಣ್ಣನ ಮಾತಿಗೆ ಕಾಯದೆ ಸೀರೆಯ ಗಂಟು ತೆಗೆದುಕೊಂಡು ಗಾಡಿಯ ಹತ್ತಿರ ಬಂದು ನಿಂತಳು. ಚೊಚ್ಚಲ ಹೆರಿಗೆಗೆ ಮತ್ತೆ ತವರಿಗೆ ಕಳಿಸಿದಾಗ ಚೆನ್ನಾಜಮ್ಮನೇ ಜೊತೆಗೆ ಹೋದರು. ಗಂಡುಮಗು ಹುಟ್ಟಿತು.

ಮೋರಿಯವರು ನನ್ನ ಸರ್ಕಲ್ಲಿನಲ್ಲಿ ಇದ್ದಷ್ಟು ಕಾಲವೂ, ವಾಂಗ್ ನಂಜನಗೂಡಿಗೆ ಬಂದಾಗಲೆಲ್ಲ ಅವರ ಬಿಡಾರಕ್ಕೆ ಹೋಗುತ್ತಿದ್ದ. ಇಬ್ಬರೂ ಒಂದು ಮಾತಿಲ್ಲದೆ ಚಹಾ ಕುಡಿಯುತ್ತ, ಹಲಗೆಯ ಮೇಲೆ ಬರೆದು ಅಳಿಸುತ್ತ ಸಂಜೆ ಕಳೆಯುತ್ತಿದ್ದರು. ಆ ಅಕ್ಷರದ ವಿಷಯ ನಾನು ಒಮ್ಮೆ ಮೋರಿಯವರನ್ನು ಕೇಳಿದೆ. ಅದು ತಮ್ಮ ದೇಶದಲ್ಲೂ ಅಪರೂಪ, ಸಾಕಣೆಯವರನ್ನು ಬಿಟ್ಟರೆ ಬರೆಯುವವರು ಕಡಿಮೆ, ಎಡಭಾಗ ಸಾವನ್ನು ಸೂಚಿಸುತ್ತದೆ, ಬಲಭಾಗ ಇರುವುದು ಉಚ್ಚಾರಣೆಗೆ ಎಂದು ವಾಂಗ್‌ನ ಮೂಲಕ ವಿವರಿಸಿದರು. ತಮ್ಮ ಮನೆಯವರೆಲ್ಲ ಹುಳು ಸಾಕುವವರೇ ಆದ್ದರಿಂದ, ಆ ಅಕ್ಷರಕ್ಕೆ ಬೇರೆ ಅರ್ಥ ಹೊಳೆಯಬಹುದೆಂದು ಅಲ್ಲಿಯವರೆಗೆ ತಮಗೆ ಅನ್ನಿಸಿಯೇ ಇರಲಿಲ್ಲ ಎಂದೂ ಹೇಳಿದರು.

ನೌಕರಿಯಲ್ಲಿ ಆಮೇಲೆ ನಾನು ಎಷ್ಟೋ ಊರು ತಿರುಗಿದೆ. ನಾವು ಇಲಾಖೆಯವರು ದಿನವೂ ಬಳಸಿ ಸವೆಸಿದ ಒಂದು ಪದವನ್ನು ಜನರ ಬಾಗಿಲಿಗೆ ತೆಗೆದುಕೊಂಡು ಹೋಗುತ್ತೇವೆ. ನಮಗೆ ಅದರ ಪಕ್ಕದ ಪದ ಹೇಳದಿದ್ದರೂ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಅವರು ತಮ್ಮ ಭಯವನ್ನೇ ಅದರ ಪಕ್ಕದಲ್ಲಿಟ್ಟು ಓದಿಕೊಳ್ಳುತ್ತಾರೆ. ಕೆಲಸ ನನಗೆ ಕಲಿಸಿದ್ದು ಇದನ್ನು.

ಕೆಲವು ವರ್ಷಗಳ ನಂತರ, ಕಾಯಿಲೆ ಬಂದ ಮನೆಗಳಿಗೆ ಹೊಡೆಯಲು ‘ರೋಗಪೀಡಿತ – ಪ್ರವೇಶವಿಲ್ಲ’ ಎಂಬ ಬೋರ್ಡುಗಳನ್ನು ಬರೆಸುವಂತೆ ಮೇಲಿನಿಂದ ಹುಕುಂ ಬಂತು. ನಾನು ಬೋರ್ಡು ಬರೆಯುವವನನ್ನು ಕೂರಿಸಿಕೊಂಡು ಬೇರೆ ರೀತಿ ಬರೆಸಿದೆ: ‘ಈ ಮನೆಯ ಹುಳುವಿಗೆ ಕಾಯಿಲೆ. ಮನೆಮಂದಿ ಕ್ಷೇಮ.’

ತಪಾಸಣೆಗೆ ಬಂದ ಮೇಲಧಿಕಾರಿಗಳು ಅದನ್ನು ಎರಡು ಸಲ ಓದಿ, ಮೊದಲನೆಯ ವಾಕ್ಯ ಸರಿ, ಎರಡನೆಯದು ಇಲಾಖೆಗೆ ಯಾಕೆ ಬೇಕು ಎಂದು ಕೇಳಿದರು.

“ಇಲಾಖೆಗೆ ಬೇಡ ಸ್ವಾಮಿ,” ಎಂದೆ. “ನೆರೆಮನೆಯವರಿಗೆ ಬೇಕು.”

ಅವರು ಮತ್ತೊಮ್ಮೆ ಓದಿದರು. ಆಮೇಲೆ, ಬೋರ್ಡು ಹಾಗೇ ಇರಲಿ, ಉಳಿದ ಸರ್ಕಲ್ಲುಗಳಿಗೂ ಅದನ್ನೇ ಕಳಿಸಿ ಎಂದರು.